ನೆಬಿಸಾಳ ತಂಗಿಗಾಗಿ ಪೆರಾಬೆಗೆ

ಬೆಳಗ್ಗೆ ಏಳಕ್ಕೆ ಆಲೆಟ್ಟಿಯಿಂದ ಜೀಪು ಹತ್ತಿ ಸುಳ್ಯದಲ್ಲಿ ಇಳಿದೆ. ಹಿಂದಿನ ಸಂಜೆ ಪೆರಾಬೆಯಿಂದ ಆಸ್ಪತ್ರೆಯ ದಿನಗಳ ಗೆಳತಿ ನೆಬಿಸಾ ಫೋನು ಮಾಡಿದ್ದಳು.

"ಟೀಚರೇ, ನನ್ನ ತಂಗಿ ಜೊಹರಾಳಿಗೂ ನಮ್ಮದೇ ಕಾಯಿಲೆ. ಅವಳದ್ದು ಸಣ್ಣದಿರುವಾಗಲೇ ಗೊತ್ತಾಯ್ತು, ಗಡ್ಡೆ ಮಾತ್ರ ತೆಗ್ದು ಮೊಲೆ ಉಳಿಸಿದ್ದಾರೆ. ಈಗ ಕರೆಂಟಿಗೆ ಹೋಗುದಿಲ್ಲ ಅಂತ ಕೂತಿದ್ದಾಳೆ. ನನ್ನದು ಪೂರಾ ತೆಗೆದದ್ದಲ್ವಾ, ನಿಮ್ಮದು ಅವಳ ಹಾಗೆಯೇ. ಒಮ್ಮೆ ಬನ್ನಿ ಮಾರಾಯ್ರೆ."

ಕರೆಂಟು ಎಂದರೆ ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆ. ನಮ್ಮ ಕಡೆ ಜನ ಹೇಳುವುದೇ ಹಾಗೆ.

ಬಸ್ ನಿಲ್ದಾಣದ ಬಳಿ ಎರಡು ಬನ್ಸ್ ತಿಂದು, ಚಹಾ ಕುಡಿದು ಪುತ್ತೂರಿನ ಸರಕಾರಿ ಬಸ್ಸು ಹತ್ತಿದೆ. ಆಧಾರ್ ಕಾರ್ಡು ನೋಡಿ ನಿರ್ವಾಹಕ ಸೊನ್ನೆ ರೂಪಾಯಿಯ ಟಿಕೆಟು ಕೊಟ್ಟ. ಮಳೆಗಾಲ ಮುಗಿದು ಬಿಸಿಲು ಚುರುಕಾಗಿತ್ತು. ಒಂದು ಗಂಟೆಯ ದಾರಿ.

ಪುತ್ತೂರಿನಲ್ಲಿ ಬಸ್ಸು ಬದಲಿಸಬೇಕು. ಆರು ವರ್ಷದ ಹಿಂದೆ, ಪ್ರತಿ ಸೋಮವಾರ ನಾನು ಕರೆಂಟಿಗೆಂದು ಮಂಗಳೂರಿಗೆ ಹೋಗುವಾಗ ನೆಬಿಸಾ ಹತ್ತುತ್ತಿದ್ದದ್ದು ಇಲ್ಲೇ. ಕಿಟಕಿ ಪಕ್ಕದ ಸೀಟಿನಲ್ಲಿ ಚೀಲ ಇಟ್ಟು ಅವಳಿಗೆ ಜಾಗ ಹಿಡಿದಿರುತ್ತಿದ್ದೆ. ಆಸ್ಪತ್ರೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಶುಕ್ರವಾರದವರೆಗೆ ನಾವಿಬ್ಬರೇ. ಹೀಗೆ ಐದು ವಾರ. ಕರೆಂಟು ದಿನಕ್ಕೆ ಕೆಲವೇ ನಿಮಿಷ. ಉಳಿದ ದಿನವೆಲ್ಲ ನಮ್ಮದು. ಸಂಜೆ ಸಮುದ್ರದ ಕಡೆಗೆ ಹೋಗುತ್ತಿದ್ದೆವು. ಅವಳು ಆಸ್ಪತ್ರೆಯ ಸಿಸ್ಟರಮ್ಮನ ನಡಿಗೆಯನ್ನು ಅಣಕಿಸಿ ನಡೆದು ತೋರಿಸಿದರೆ, ಗಾಯ ನೋಯುವಷ್ಟು ನಗುತ್ತಿದ್ದೆ. ಮದುವೆ, ಶಾಲೆ, ಮಕ್ಕಳು ಎಂದು ಓಡಿದ ನನ್ನ ಬದುಕಿನಲ್ಲಿ ಗೆಳತಿಯೊಬ್ಬಳ ಜೊತೆ ಸುಮ್ಮನೆ ಕೂತ ಸಂಜೆಗಳು ಅವಷ್ಟೇ. ಆದರೂ ಬಟ್ಟೆ ಬದಲಿಸುವಾಗ ಇಬ್ಬರೂ ಗೋಡೆಗೆ ಮುಖ ಮಾಡುತ್ತಿದ್ದೆವು. ಅವಳ ಗಾಯ ನಾನು ನೋಡಿಲ್ಲ, ನನ್ನದು ಅವಳೂ ನೋಡಿರಲಿಲ್ಲ.

ಕಡಬದ ಬಸ್ಸು ಉಪ್ಪಿನಂಗಡಿ, ಆತೂರು, ಆಲಂಕಾರು ದಾಟಿ ಪೆರಾಬೆಗೆ ಬರುವಾಗ ಹನ್ನೊಂದು ಗಂಟೆ. ನೆಬಿಸಾ ರಸ್ತೆ ಬದಿಯಲ್ಲೇ ನಿಂತಿದ್ದಳು. ತುಸು ದಪ್ಪಗಾಗಿದ್ದಾಳೆ. ನನ್ನ ಕೈ ಹಿಡಿದವಳು ಮನೆ ತಲುಪುವವರೆಗೂ ಬಿಡಲಿಲ್ಲ.

ಜೊಹರಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಊರಿನ ಹೆಂಗಸರ ಬಟ್ಟೆ ಹೊಲಿದು ಕೊಡುವವಳು. ಗಂಡ ದುಬಾಯಿಯಲ್ಲಿದ್ದಾನೆ. ನನ್ನನ್ನು ಕಂಡು ಎದ್ದಳು, ಕುಶಲ ಕೇಳಿದಳು, ಮತ್ತೆ ಕೂತು ಯಂತ್ರ ತುಳಿಯತೊಡಗಿದಳು.

"ಗಡ್ಡೆ ತೆಗೆದಾಯ್ತಲ್ಲ ಟೀಚರೇ, ಇನ್ನು ಕರೆಂಟು ಎಂತಕ್ಕೆ? ಅಕ್ಕ ಬರುವಾಗ ಎದೆ ಸುಟ್ಟು ಕಪ್ಪಾಗಿತ್ತು. ಮುಲಾಮು ಹಚ್ಚಿದ್ದು ನಾನು. ನಾನು ನೋಡಿದ್ದೇನೆ."

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟು, ತೋರಿಸುವುದೇ ಸರಿ ಅನ್ನಿಸಿತು. ಎದ್ದು ಬಾಗಿಲು ಹಾಕಿದೆ. ಸೆರಗು ಸರಿಸಿ ರವಿಕೆಯ ಗುಂಡಿ ಬಿಚ್ಚಿದೆ.

ಯಂತ್ರ ನಿಂತಿತು. ಜೊಹರಾ ಹತ್ತಿರ ಬಂದಳು. ಎಡಮೊಲೆ ಬಲದ್ದಕ್ಕಿಂತ ತುಸು ಸಣ್ಣದು, ಗಟ್ಟಿ. ಚರ್ಮದ ಬಣ್ಣ ಒಂದಿಷ್ಟು ಮಂಕು. ಕಂಕುಳ ಬಳಿ ಬೆರಳುದ್ದದ ಗೀರು. ಅವಳು ಅದನ್ನು ಬಟ್ಟೆ ನೋಡುವಂತೆ ಬಗ್ಗಿ ನೋಡಿದಳು.

"ಹೊಲಿಗೆ ಚಂದ ಕೂತಿದೆ," ಎಂದಳು. ಆಮೇಲೆ ಮೆಲ್ಲನೆ, "ಸುಟ್ಟದ್ದು?"

"ಸುಟ್ಟಿತ್ತು. ಕೆಲವು ವಾರದಲ್ಲಿ ಸಿಪ್ಪೆ ಎದ್ದು ಹೋಯ್ತು. ಗಡ್ಡೆ ಮಾತ್ರ ತೆಗೆದು ಕರೆಂಟು ಕೊಟ್ರೆ, ಪೂರಾ ತೆಗೆದವರಷ್ಟೇ ಕಾಲ ಬದುಕ್ಬಹುದು ಅಂತ ಡಾಕ್ಟ್ರು ಹೇಳಿದ್ರು. ಕರೆಂಟು ಬಿಟ್ರೆ ಅದೇ ಮೊಲೆಯಲ್ಲಿ ಪುನಃ ಬರುವ ಸಂಭವ ಜಾಸ್ತಿ."

"ಕೊಟ್ಟ ಮೇಲೆ ಬರುದೇ ಇಲ್ವಾ?"

"ಹಾಗೆ ಬರೆದುಕೊಡ್ಲಿಕ್ಕೆ ಯಾರಿಂದಲೂ ಆಗುದಿಲ್ಲ. ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಮಾಡಿಸ್ತೇನೆ. ರಿಪೋರ್ಟು ಬರುವವರೆಗೆ ಊಟ ಸೇರುದಿಲ್ಲ. ಇಷ್ಟರವರೆಗೆ ಎಂತದ್ದೂ ಇಲ್ಲ."

ನೆಬಿಸಾ ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದಳು. ಈಗ ಬಂದು ತಾನೇ ನನ್ನ ಗುಂಡಿಗಳನ್ನು ಹಾಕಿ ಸೆರಗು ಸರಿಮಾಡಿದಳು. "ನಿಮ್ಮದು ಉಳಿಯಿತಲ್ಲ ಟೀಚರೇ," ಎಂದಳು. ಕಣ್ಣು ತುಂಬಿತ್ತು, ಆದರೆ ಧ್ವನಿಯಲ್ಲಿ ಇದ್ದದ್ದು ಸಂತೋಷವೇ. ಅವಳ ಕೈ ಹಿಡಿದುಕೊಂಡೆ.

ಊಟಕ್ಕೆ ಪತ್ತಿರ್ ಎಂಬ ತೆಳು ಅಕ್ಕಿರೊಟ್ಟಿ, ಕೋಳಿ ಸಾರು. ಜೊಹರಾ ಬಡಿಸಿದಳು, ಕರೆಂಟಿನ ಮಾತೆತ್ತಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಬಂದ ಕೆಲಸ ಆಗಲಿಲ್ಲವೇನೋ ಅನ್ನಿಸಿತ್ತು.

ಮೂರೂವರೆಯ ಬಸ್ಸಿಗೆ ಅಕ್ಕತಂಗಿಯರಿಬ್ಬರೂ ರಸ್ತೆಯವರೆಗೆ ಬಂದರು. ಬಸ್ಸು ಕಾಣಿಸಿದ ಮೇಲೆ ಜೊಹರಾ ಕೇಳಿದಳು: "ಟೀಚರೇ, ಮಂಗಳೂರಿನ ಆ ರೂಮಲ್ಲಿ ಗಂಜಿ ಬೇಯಿಸ್ಲಿಕ್ಕೆ ಬಿಡ್ತಾರಾ?"

ನನಗಿಂತ ಮೊದಲು ನೆಬಿಸಾ ಹೇಳಿದಳು, "ನಾನಿಲ್ವಾ ನಿನ್ನೊಟ್ಟಿಗೆ? ಗಂಜಿಯ ಚಿಂತೆ ನಿನಗೆಂತಕ್ಕೆ?"

ಬಸ್ಸು ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದರೆ, ಇಬ್ಬರೂ ನನ್ನನ್ನು ಮರೆತು ಏನೋ ಚರ್ಚೆಗೆ ಇಳಿದಿದ್ದರು. ನೆಬಿಸಾ ಬೆರಳು ಮಡಚುತ್ತಾ ಒಯ್ಯಬೇಕಾದ ಸಾಮಾನು ಎಣಿಸುತ್ತಿದ್ದಳು. ಇನ್ನು ಮಂಗಳೂರಿನಲ್ಲಿ ನೆಬಿಸಾಳ ಜೊತೆ ಅಷ್ಟೊಂದು ಸಂಜೆಗಳು ತಂಗಿಗೆ. ಹೇಳಲು ನಾಚಿಕೆಯಾಗುತ್ತದೆ, ನನಗೆ ಜೊಹರಾಳ ಮೇಲೆ ಸಣ್ಣ ಹೊಟ್ಟೆಕಿಚ್ಚಾಯಿತು. ತಿರುವಿನವರೆಗೂ ಅವರನ್ನೇ ನೋಡಿದೆ.