ಬೋಣಿಗೆ ಮುಂಚಿನ ಮಾತ್ರೆ

ಕೂತಲ್ಲಿ ಕೂರುವುದು ನನ್ನ ಜಾಯಮಾನವಲ್ಲ. ಔಷಧಶಾಸ್ತ್ರದ ಪಾಠ ಹೇಳುವಾಗಲೂ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಲೇ ಇರುತ್ತೇನೆ. ಮಾತ್ರೆಗಳ ಹೆಸರು, ಅಡ್ಡಪರಿಣಾಮಗಳ ಪಟ್ಟಿ, ಮಕ್ಕಳ ಆ ಗಿಳಿಪಾಠ ಕೇಳಿ ಕೇಳಿ ನನಗೇ ತಲೆ ಚಿಟ್ಟು ಹಿಡಿದಿತ್ತು. ಹಾಗಾಗಿ ಕೇಸ್ ಕೊಟ್ಟು ಕಲಿಸುವ ಪದ್ಧತಿ ನಮ್ಮ ಮೆಡಿಕಲ್ ಕಾಲೇಜಿಗೆ ಬಂದಾಗ ಮೊದಲು ಕೈ ಎತ್ತಿದವಳು ನಾನೇ. ಒಬ್ಬ ರೋಗಿಯ ಕಥೆಯನ್ನು ಹಾಳೆಯಲ್ಲಿ ಬರೆದು ಹಂಚುವುದು. ಏಳೆಂಟು ಮಂದಿ ಸುತ್ತ ಕೂತು ಯಾವ ಔಷಧಿ ಕಾರಣ, ಏನು ಬದಲಿಸಬೇಕು ಎಂದು ವಾದಿಸಿ ಕಂಡುಹಿಡಿಯುವುದು. ಆದರೆ ಪುಸ್ತಕದ ಕೇಸ್‌ಗಳಿಗೆ ಹಿಂದಿನ ಬ್ಯಾಚಿನವರ ಉತ್ತರ ಎಲ್ಲರ ಮೊಬೈಲಿನಲ್ಲೂ ಇತ್ತು. ನನಗೆ ಹೊಸ ಕೇಸ್ ಬೇಕಿತ್ತು, ಅದೂ ಬೇಗ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ರಸೆಲ್ ಮಾರುಕಟ್ಟೆಯಲ್ಲಿ ಪ್ರತಿ ಶುಕ್ರವಾರ ನನಗೆ ಮಲ್ಲಿಗೆ ಕೊಡುವ ಅಕ್ಕ ತನ್ನ ಔಷಧಿ ಚೀಟಿಯನ್ನು ತಾನಾಗಿಯೇ ನನ್ನ ಕೈಗಿಟ್ಟಳು.

"ಡಾಕ್ಟ್ರಮ್ಮ, ಈ ನಡುವೆ ಬೆಳಿಗ್ಗೆ ಹೊತ್ತು ತಲೆ ಗಿರ್ ಅಂತೈತೆ. ಮೈಯೆಲ್ಲ ಬೆವರು. ಇದ್ರಲ್ಲಿ ಯಾವ್ದು ಆಗ್ಬರ್ತಿಲ್ವೋ ನೋಡಿ ಹೇಳ್ತೀರಾ?"

ಸಕ್ಕರೆ ಕಾಯಿಲೆಗೊಂದು ಮಾತ್ರೆ, ಬಿಪಿಗೊಂದು. "ಎರಡು ದಿನದಲ್ಲಿ ಬಂದು ಹೇಳ್ತೀನಿ ಅಕ್ಕ," ಎಂದು ಚೀಟಿಯ ಫೋಟೊ ತೆಗೆದುಕೊಂಡೆ.

ಬೆನ್ಸನ್ ಟೌನಿನ ಮನೆ ಸೇರುವಷ್ಟರಲ್ಲಿ ನನ್ನ ತೀರ್ಮಾನ ಆಗಿತ್ತು. ಬಿಪಿ ಮಾತ್ರೆಯೇ ಕಾರಣ. ನೆಲದ ಮೇಲೆ ಕೂತವಳು ಎದ್ದಾಗ ಬಿಪಿ ಇಳಿಯುತ್ತದೆ. ಹೋಗಿ ಹೇಳುವುದು ಬಿಟ್ಟು ಬರೆಯಲು ಕೂತೆ. ವಯಸ್ಸು ಬದಲಿಸಿದೆ, ಊರು ಬದಲಿಸಿದೆ, ಹೂ ಮಾರುವ ಕೆಲಸವನ್ನು ಹಾಗೇ ಉಳಿಸಿದೆ, ಸುಳಿವುಗಳನ್ನು ಹಿಂದೆ ಮುಂದೆ ಮಾಡಿದೆ. ಕೇಸ್ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ ಮುಂದಿನ ಶುಕ್ರವಾರ ಮಾರುಕಟ್ಟೆಗೆ ಹೋಗುವುದನ್ನೇ ಬಿಟ್ಟೆ. ಬೆಕ್ಕಿಗೆ ಚೆಲ್ಲಾಟ ಅನ್ನುತ್ತಾರಲ್ಲ, ಹಾಗೆ. ಹನ್ನೊಂದು ದಿನ ಕಳೆದವು.

ತರಗತಿಯಲ್ಲಿ ಗದ್ದಲವೋ ಗದ್ದಲ. ನಾನು ಗುಂಪಿನಿಂದ ಗುಂಪಿಗೆ ಬೀಗುತ್ತಾ ಓಡಾಡುತ್ತಿದ್ದೆ. ಕೆ.ಆರ್. ಪುರದಿಂದ ಬರುವ ಹುಡುಗಿಯೊಬ್ಬಳು, ಮಾತೇ ಆಡದವಳು, ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು.

"ಮೇಡಂ, ಇವ್ರು ತಿಂಡಿ ಎಷ್ಟೊತ್ತಿಗೆ ತಿಂತಾರೆ ಅಂತ ಬರೆದಿಲ್ವಲ್ಲ?"

"ತಿಂಡಿಗೆ ಮುಂಚೆ ಮಾತ್ರೆ ಅಂತ ಇದೆಯಲ್ಲಮ್ಮ."

"ಹೂ ಮಾರೋರು ಅಲ್ವಾ ಮೇಡಂ? ನಮ್ಮಜ್ಜಿ ಸಂತೇಲಿ ಸೊಪ್ಪು ಮಾರ್ತಿದ್ರು. ಬೋಣಿ ಆಗೋವರ್ಗೂ ಒಂದು ತೊಟ್ಟು ಕಾಫಿನೂ ಕುಡೀತಿರ್ಲಿಲ್ಲ. ಕೆಲವು ದಿನ ಮೊದಲ್ನೇ ಗಿರಾಕಿ ಬರೋಷ್ಟರಲ್ಲಿ ಒಂಬತ್ತು ಗಂಟೆ. ಇವ್ರೂ ಹಂಗೇ ನಾಲ್ಕು ಗಂಟೆಗೇ ಎದ್ದು ಶುಗರ್ ಮಾತ್ರೆ ನುಂಗಿ ಖಾಲಿ ಹೊಟ್ಟೇಲಿ ಕೂತ್ರೆ, ಶುಗರ್ ಬಿದ್ದೋಗಲ್ವಾ?"

ನನ್ನ ಕೈಯಲ್ಲಿದ್ದ ಉತ್ತರದ ಹಾಳೆಯಲ್ಲಿ ಬಿಪಿ ಮಾತ್ರೆ ಎಂದಿತ್ತು. ಬೆವರು ಎಂದು ನಾನೇ ಬರೆದಿದ್ದೆ, ಅದನ್ನು ಅಲಂಕಾರಕ್ಕೆಂಬಂತೆ ಬಿಟ್ಟಿದ್ದೆ. ಸಕ್ಕರೆ ಇಳಿದಾಗ ಬರುವ ಬೆವರು ಅದು. ಪಾಠವನ್ನು ಸಹೋದ್ಯೋಗಿಗೆ ಒಪ್ಪಿಸಿ ಆಟೊ ಹತ್ತಿದೆ. ಹಲಸೂರು ಕೆರೆ ದಾಟಿದ ಮೇಲೆ ಗಾಡಿಗಳು ಅಲ್ಲಾಡಲಿಲ್ಲ. ಇಳಿದು ನಡೆದೆ, ಸ್ವಲ್ಪ ದೂರ ಓಡಿದೆ.

ಅಕ್ಕ ತನ್ನ ಜಾಗದಲ್ಲೇ ಹೂ ಕಟ್ಟುತ್ತಿದ್ದಳು. ಹಣೆಯ ಮೇಲೆ ಬ್ಯಾಂಡೇಜು.

"ಭಾನುವಾರ ಬಿದ್ಬಿಟ್ಟೆ ಅಮ್ಮ. ಮೂರು ಹೊಲಿಗೆ."

"ಮಾತ್ರೆ ಬರ್ಕೊಟ್ಟೋರ ಹತ್ರ ಹೋಗ್ಬಾರ್ದಿತ್ತಾ?"

"ಮಗ್ಳು ಕರೆದ್ಳು. ನಮ್ ಡಾಕ್ಟ್ರಮ್ಮ ನೋಡ್ತಾವ್ರೆ, ಬಂದು ಹೇಳ್ತಾರೆ, ಇರು ಅಂದೆ."

ಮೊದಲ ದಿನವೇ ಕೇಳಬೇಕಾದ್ದನ್ನು ಆಗ ಕೇಳಿದೆ. ಹೌದು, ನಾಲ್ಕಕ್ಕೆ ಮಾತ್ರೆ. ಬೋಣಿ ಆಗುವವರೆಗೆ ಬಾಯಿಗೆ ಏನೂ ಇಲ್ಲ. ತಟ್ಟೆ ಮುಂದೆ ಬರುವವರೆಗೆ ಇನ್ನು ಆ ಮಾತ್ರೆ ಮುಟ್ಟಬಾರದು, ಇವತ್ತೇ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ತಲೆಯಾಡಿಸಿದಳು. ನಾಚಿಕೆ ತಡೆಯಲಾಗಲಿಲ್ಲ.

"ಅಕ್ಕ, ನಿಮ್ ಚೀಟೀನ ನಮ್ ಹುಡುಗ್ರ ಪಾಠಕ್ಕೆ ಇಟ್ಕೊಂಡ್ಬಿಟ್ಟೆ. ಅದಕ್ಕೇ ಲೇಟಾಯ್ತು. ನಂದೇ ತಪ್ಪು."

ಹೂ ಕಟ್ಟುವ ಕೈ ನಿಂತಿತು. ಅಕ್ಕ ನನ್ನನ್ನೇ ನೋಡಿದಳು.

"ಮಕ್ಳು ಕಲಿತ್ಕೊಂಡ್ರಾ ಅಮ್ಮ?"

"ಕಲಿತ್ರು," ಎಂದೆ.

"ಒಳ್ಳೇದಾಯ್ತು ಬಿಡಿ," ಎಂದು ಮತ್ತೆ ದಾರ ಎಳೆದುಕೊಂಡಳು.