ಕಿತ್ತು ಹೋಗದ ದಾರ

ನನ್ನ ಗಂಡ ತರಿಸಿದ ಗಾಳದ ದಾರದ ಡಬ್ಬಿ ಬಿಚ್ಚಿದೆ. ಹೊಸ ದಾರದ ಮೇಣದ ವಾಸನೆ ಮೂಗಿಗೆ ಬಡಿದದ್ದೇ ಡಬ್ಬಿಯನ್ನು ದೂರ ತಳ್ಳಿದೆ. ದಾರ ಕಂಡು ಹೆದರುವವಳು ಊರಿಗೆಲ್ಲ ನಾನೊಬ್ಬಳೇ ಇರಬೇಕು... ಆಂಡರ್ಸನ್‌ಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾವನನ್ನು ಬಲ್ಲವರು ಮಾತ್ರ ನಗಲಾರರು.

ಮಾವ ಅಂದರೆ ನಂಟರಲ್ಲ, ಬಾಯಿಮಾತಿನ ಮಾವ. ಚಿನ್ನದ ಗಣಿ ಮುಚ್ಚುವವರೆಗೂ ಅದರೊಳಗೆ ದುಡಿದವರು. ಆಮೇಲೆ ಕೆರೆಯ ಕೊರವ ಮೀನು ಹಿಡಿಯುವ ಹುಚ್ಚು, ಅದರ ಬೆನ್ನಿಗೇ ಎಳೆ ಸೇರಿಸಿ ಹೆಣೆದ ಗಾಳದ ದಾರದ ಹುಚ್ಚು. ಒಂದೊಂದು ದಾರವನ್ನೂ ಹಿತ್ತಿಲ ಒಗೆಯುವ ಕಲ್ಲಿಗೆ ಕಟ್ಟಿ ಜಗ್ಗುತ್ತಿದ್ದರು, ಕಲ್ಲಿನ ಅಂಚಿಗೆ ಉಜ್ಜುತ್ತಿದ್ದರು. ಎಂಟೆಳೆಯದು ನುಣುಪು, ಮೀನಿಗೆ ಆಸೆ ತೋರಿಸುವ ರಬ್ಬರ್ ಕಪ್ಪೆಯನ್ನು ದೂರಕ್ಕೆ ಹಾರಿಸುತ್ತದೆ, ಆದರೆ ಕಲ್ಲಿಗೆ ತಾಗಿದರೆ ಬೇಗ ಎಳೆ ಬಿಡುತ್ತದೆ. ನಾಲ್ಕೆಳೆಯದು ಒರಟು, ಕರಕರ ಅನ್ನುತ್ತದೆ, ಜೊಂಡನ್ನು ಗರಗಸದಂತೆ ಕುಯ್ದುಕೊಂಡು ಬರುತ್ತದೆ. ಹಳೇ ನೈಲಾನ್ ಅವರ ಲೆಕ್ಕಕ್ಕೇ ಇಲ್ಲ. ಜಗ್ಗಿದರೆ ಹಿಗ್ಗಿ ಫಟ್ಟನೆ ಹರಿಯುತ್ತದಲ್ಲ!

"ಅಗ್ಗ ಕಿತ್ತೋಗ್ಬಾರ್ದು ಕಣಮ್ಮಾ. ಕಿತ್ತೋದ್ರೆ ಕೆಳಗಿರೋನ ಗತಿ ಏನು?" ಅನ್ನುತ್ತಿದ್ದರು.

ದಿನಾ ಹಗ್ಗವನ್ನು ನಂಬಿ ಪಾತಾಳಕ್ಕೆ ಇಳಿದವರ ಮಾತು. ಎದುರಾಡುವವರಾರು? ಕೊನೆಗೆ ಇದ್ದುದರಲ್ಲೇ ದಪ್ಪನೆಯ ನಾಲ್ಕೆಳೆಯದನ್ನು ಆರಿಸಿಕೊಂಡರು.

ಒಂದು ಭಾನುವಾರ ಕಾಮಸಮುದ್ರದ ಕಡೆಯ ಕೆರೆಗೆ ಮಾವ, ಅವರ ಹೆಂಡತಿ ಅತ್ತೆ, ನಾನು ಬಸ್ಸಿನಲ್ಲಿ ಹೋದೆವು. ಕೆರೆ ಕೋಡಿ ಹರಿಯುವಷ್ಟು ತುಂಬಿತ್ತು. ಏರಿಯ ಕಲ್ಲುಗಳು ಪಾಚಿ ಕಟ್ಟಿದ್ದವು. ಜಾರುತ್ತೆ ಮಾವ, ಹಿಂದೆ ಬನ್ನಿ ಎಂದು ಬಡಬಡಿಸುತ್ತಲೇ ಇದ್ದೆ.

"ಇವ್ಳೊಬ್ಳು, ತನ್ ನೆರಳಿಗೇ ಎದರ್ಕೊಂತಾಳೆ," ಎಂದು ಅತ್ತೆ ಅಡಿಕೆ ಕತ್ತರಿಸುತ್ತಾ ರೇಗಿಸಿದರು.

ಗಾಳ ನೀರೊಳಗಿನ ಜಾಲಿ ಬುಡಕ್ಕೆ ಸಿಕ್ಕಿಕೊಂಡಿತು. ಮಾವ ಕೋಲು ಕೆಳಗಿಟ್ಟು, ನೈಲಾನಿನ ಕಾಲದ ಅಭ್ಯಾಸದಂತೆ ದಾರವನ್ನು ಅಂಗೈಗೆ ಸುತ್ತಿ ಜಗ್ಗಿದರು. ದಾರ ಹಿಗ್ಗಲೂ ಇಲ್ಲ, ಹರಿಯಲೂ ಇಲ್ಲ. ಕಾಲು ಜಾರಿತು. ಕತ್ತಿನವರೆಗೆ ನೀರು, ದಾರ ಸುತ್ತಿದ ಕೈ ನೀರೊಳಗೆ. ಒದ್ದಾಡಿದಷ್ಟೂ ಅದು ಅಂಗೈಯನ್ನು ಕಚ್ಚಿ ಕೆಳಗೆಳೆಯುತ್ತಿತ್ತು.

"ಕೈ ಬರ್ತಿಲ್ಲ ಕಣೇ!"

ಅತ್ತೆ ಅಡಕತ್ತರಿ ಹಿಡಿದುಕೊಂಡೇ ನೀರಿಗಿಳಿದರು. ಸೆರಗಿನ ತುದಿಯನ್ನು ನನ್ನ ಕೈಗೆ ಎಸೆದರು. ನಾನು ಏರಿಯ ಕಲ್ಲಿಗೆ ಕಾಲು ಒತ್ತಿಕೊಂಡು ಎರಡೂ ಕೈಯಲ್ಲಿ ಹಿಡಿದೆ. ದೇವರೇ, ಆ ದಾರ ಹರಿಯಲಿ, ಈ ಸೀರೆ ಹರಿಯದಿರಲಿ... ಒಂದೇ ಉಸಿರಿನಲ್ಲಿ ಎರಡನ್ನೂ ಬೇಡಿಕೊಂಡೆ. ಮಾವನ ಗಲ್ಲ ಮುಳುಗಿತು. ಅತ್ತೆ ನೀರೊಳಗೆ ತಡಕಾಡಿದರು. ಕಟುಕ್.

ಅಂಗೈಯ ಗಾಯ ಮಾಗಿದರೂ ಗೆರೆ ಉಳಿಯಿತು. ಆಮೇಲಿಂದ ಮಾವ ಹೆಣೆದ ದಾರದ ತುದಿಗೆ, ತಾವೇ ಬೈಯುತ್ತಿದ್ದ ನೈಲಾನಿನ ಮೊಳದುದ್ದ ತುಂಡನ್ನು ಕಟ್ಟತೊಡಗಿದರು.

"ಎಲ್ಲಾದ್ರೂ ಒಂದ್ಕಡೆ ಕಿತ್ತೋಗೋದು ಇರ್ಬೇಕು ಕಣಮ್ಮಾ," ಎಂದು ನಾಚಿಕೊಂಡು ನಕ್ಕರು.

ನಾನು ಆಮೇಲೂ ನೀರಿಗೇ ಹೆದರುತ್ತಿದ್ದೆ. ಆದರೆ ಕೊನೆಗೆ ಮಾವನನ್ನು ಒಯ್ದದ್ದು ಎದೆಯೊಳಗೆ ಕೂತಿದ್ದ ಗಣಿಯ ಧೂಳು. ಉಸಿರಿಗಾಗಿ ಒದ್ದಾಡುತ್ತಿದ್ದವರ ಗೆರೆ ಬಿದ್ದ ಅಂಗೈಯನ್ನು ಅತ್ತೆ ಹಿಡಿದು ಕೂತಿದ್ದರು. ಅಡಕತ್ತರಿ ಸೊಂಟದ ಚೀಲದಲ್ಲೇ ಇತ್ತು. ಆ ಸಲ ಕತ್ತರಿಸಲು ಏನೂ ಇರಲಿಲ್ಲ... ಕ್ಯಾಸಂಬಳ್ಳಿಯ ತಂಗಿ ಮನೆಗೆ ಹೊರಟಾಗ ಅತ್ತೆ ಅದನ್ನು ನನ್ನ ಕೈಗಿಟ್ಟು ಹೋದರು. ಮಾವ ಇಲ್ಲದ ಆ ಹಿತ್ತಿಲನ್ನು ನೋಡಿದರೆ ನನಗೆ ಈಗಲೂ ಅಳು ಬರುತ್ತದೆ.

ನಾಳೆ ನನ್ನ ಗಂಡ ಅದೇ ಕೆರೆಗೆ ಹೊರಟಿದ್ದಾರೆ. ದಾರದ ತುದಿಗೆ ನೈಲಾನ್ ಕಟ್ಟಿದೆ. ಅಡಕತ್ತರಿಯನ್ನು ಅವರ ಚೀಲಕ್ಕೆ ಹಾಕಿದೆ.

"ಎಲೆಅಡಿಕೆ ಆಕ್ದೇ ಇರೋನಿಗೆ ಇದ್ಯಾಕೆ?" ಎಂದು ನಕ್ಕರು.

"ಇರ್ಲಿ. ನಾನೂ ಬತ್ತೀನಿ," ಅಂದೆ. "ಸೀರೆ ಉಟ್ಕೊಂಡೇ ಬತ್ತೀನಿ."