ಕೆರೆಯದೆ ಬಿಟ್ಟ ಬಿಲ್ಲೆ

ಟರ್ಬಿಯಂ ಎಂಬ ಧಾತು ಬೆರೆಸಿದ ಆ ಲೋಹದ ಬಿಲ್ಲೆ ನನ್ನದು. ಕರಗಿಸಿದವಳು ನಾನು, ವಾರಗಟ್ಟಲೆ ಕುಲುಮೆ ಕಾದವಳು ನಾನು, ಉಗುರಿನಷ್ಟು ಚಿಕ್ಕದಾಗಿ ಕತ್ತರಿಸಿದವಳೂ ನಾನೇ. ಎಕ್ಸ್-ರೇ ಕಿರಣ ಹಾಯಿಸಿ ಅದರ ಕಾಂತತ್ವವನ್ನು ಮೊದಲು ಕಾಣಬೇಕಾದವಳೂ ನಾನೇ ಅಲ್ಲವೇ? ಅದನ್ನು ಅಳೆಯಲು ಹೋದವಳು ಮಾತ್ರ ಮಾಜಾಳಿಯವಳು, ಕಾರವಾರದ ಕಾಲೇಜಿನಿಂದ ಸಂಶೋಧನೆಯವರೆಗೂ ನನ್ನ ಜೊತೆಗಿದ್ದ ಗೆಳತಿ. ಆ ಕಿರಣ ಹೊಮ್ಮಿಸುವ ಯಂತ್ರವಿರುವ ಕೇಂದ್ರಕ್ಕೆ ಹೋಗಲು ಒಬ್ಬರಿಗೇ ಅವಕಾಶ. "ಬಿಲ್ಲೆ ನೀನು ಮಾಡಿದ್ದೀಯಲ್ಲ, ಅಳತೆ ಅವಳು ಮಾಡಲಿ" ಎಂದರು ನಮ್ಮ ಮಾರ್ಗದರ್ಶಕರು. ಎಂಥ ನ್ಯಾಯ! ಅಡುಗೆಯವಳನ್ನು ಒಲೆ ಮುಂದೆ ಬಿಟ್ಟು ಬೇರೆಯವರಿಗೆ ಎಲೆ ಹಾಕಿದಂತೆ.

ಅಂಕೋಲೆಗೆ, ಹೆತ್ತ ಆಯಿಯ ಮನೆಗೆ ಬಂದು ಮುಖ ಊದಿಸಿಕೊಂಡು ಕೂತೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ. ಅವಳ ಅಳತೆ ಹಾಳಾಗಲಿ ಎಂದು ಶಪಿಸೋಣವೆಂದರೆ ಹಾಳಾಗುವುದು ನನ್ನ ಬಿಲ್ಲೆಯೇ. ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡುವ ಹಾಗೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಅವಳ ಫೋನ್ ಬಂತು.

"ಎಂತದೂ ಕಾಣ್ತಾ ಇಲ್ಲ ಮಾರಾಯ್ತಿ. ಕಾಂತದ ದಿಕ್ಕು ತಿರುಗಿಸಿದ್ರೂ ಎರಡೂ ಗೆರೆ ಒಂದರ ಮೇಲೊಂದು ಕೂತದೆ. ನಾಳೆ ನಮ್ಮ ಪಾಳಿ ಮುಗೀತದೆ."

ಕಾಂತದ ದಿಕ್ಕು ಒಂದು ಕಡೆಗಿದ್ದಾಗ ಪರದೆಯ ಮೇಲೆ ಒಂದು ಗೆರೆ, ತಿರುಗಿಸಿದಾಗ ಇನ್ನೊಂದು; ಬಿಲ್ಲೆಯಲ್ಲಿ ಕಾಂತತ್ವವಿದ್ದರೆ ಅವು ಬೇರೆಯಾಗಬೇಕು. ಆಗದಿದ್ದರೆ ನನ್ನ ಇಷ್ಟು ದಿನದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ಒಳಗೆ ಇಟ್ಟ ಮೇಲೆ ಮೇಲ್ಮೈ ಕೆರೆದ್ಯಾ?" ಎಂದೆ. ಗಾಳಿ ತಾಗಿದರೆ ಈ ಲೋಹಕ್ಕೆ ತುಕ್ಕಿನಂಥ ಪದರ ಕೂರುತ್ತದೆ. ಆ ಕಿರಣಕ್ಕೆ ಕಾಣುವುದು ಮೇಲಿನ ಪದರವಷ್ಟೇ. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಅರ ಹಾಕಿ ಕೆರೆಯಲೇಬೇಕು. ಅದು ಅವಳಿಗೂ ಗೊತ್ತು.



"ಇಲ್ಲ. ನಿಂದಲ್ವಾ ಅದು. ಇನ್ನೊಬ್ಬರ ಪಾತ್ರೆ ತಂದ್ರೆ ಗೀರು ಬೀಳದ ಹಾಗೆ ವಾಪಸ್ ಕೊಡಬೇಕು ಅಂತ ನಮ್ಮ ಆಯಿ ಹೇಳೂದು. ಕೈ ಬರಲಿಲ್ಲ."

ನಮ್ಮ ಕಡೆ ಪಕ್ಕದ ಮನೆಯ ತಪ್ಪಲೆಯನ್ನು ಬೂದಿ ಹಾಕಿ ತಿಕ್ಕುವುದಕ್ಕೂ ಹಿಂದೆ ಮುಂದೆ ನೋಡುತ್ತೇವೆ. ಆ ಮರ್ಯಾದೆಯನ್ನು ಇವಳು ಅಲ್ಲಿಗೂ ಹೊತ್ತುಕೊಂಡು ಹೋಗಿದ್ದಳು. ಇಂಥವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಇನ್ನೂ ಕಷ್ಟ. ಆದರೂ ಪಟ್ಟೆ.

"ಕೆರಿ" ಎಂದೆ. "ಹೊಳಪು ಬರೂವರೆಗೂ ಕೆರಿ. ನಾನೇ ಹೇಳ್ತೇನಲ್ಲ."

ಸಂಜೆ ಅವಳು ಕಂಪ್ಯೂಟರ್ ಪರದೆಯ ಫೋಟೋ ಕಳಿಸಿದಳು. ಕೆಂಪು ಗೆರೆ, ನೀಲಿ ಗೆರೆ. ಟರ್ಬಿಯಂನ ಗುರುತು ಬೀಳುವ ಜಾಗದಲ್ಲೇ ಎರಡೂ ಸ್ಪಷ್ಟವಾಗಿ ಬೇರೆಯಾಗಿದ್ದವು. ನನಗೆ ಅಳು ಬಂತು. ಅಡುಗೆಮನೆಗೆ ಓಡಿ ನನ್ನ ಆಯಿಗೆ ತೋರಿಸಿದೆ.

ಆಯಿ ಕೈ ಒರೆಸಿಕೊಂಡು, ಫೋನನ್ನು ದೂರ ಹಿಡಿದು ನೋಡಿದಳು.

"ಚಲೋ ಬಂದದೆ" ಎಂದಳು. "ಇದನ್ನ ಎಲ್ಲರಿಗಿಂತ ಮೊದಲು ಕಂಡವಳು ನೀನೇ ಅಲ್ವಾ?"

"ಅಲ್ಲ" ಎಂದೆ.